ಮನೆಯಲ್ಲೊಬ್ಬರಿಗೆ ತಿರುಗಾಟದ ಹುಚ್ಚಿದ್ದರೆ ಮನೆ ಹೇಗಾಗುತ್ತೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ನಮ್ಮ ಯಜಮಾನರಿಗೆ ಕಾಲೇಜು ದಿನಗಳಿಂದಲೂ ಊರು ಸುತ್ತುವ ಹುಚ್ಚು. ಮದುವೆಯಾಗಿ ಹತ್ತು ವರ್ಷದ ಮೇಲಾಯಿತು, ಒಂಚೂರೂ ಇಳಿದಿಲ್ಲ. ಭಾನುವಾರದ ಪಕ್ಕ ಇನ್ನೊಂದು ರಜೆ ಬಂದರೆ ಸಾಕು, ಅಟ್ಟದ ಮೇಲಿನ ಬ್ಯಾಗು ಕೆಳಗಿಳಿಯುತ್ತೆ. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಮೊಣಕಾಲು ನೋವು. "ಮಕ್ಕಳ ಓದು ಹಾಳಾಗುತ್ತೆ, ಆ ದುಡ್ಡು ಕೂಡಿಟ್ಟಿದ್ದರೆ ಒಂದು ಸೈಟಾದರೂ ಆಗ್ತಿತ್ತು" ಅಂತ ತವರಿನವರು ಹೇಳ್ತಾನೇ ಇರ್ತಾರೆ. ತಿರುಗೋದು ನನಗೂ ಇಷ್ಟವೇ. ಆದರೆ ಹೊರಡೋ ಮುಂಚೆ ಕಟ್ಟೋದು, ಬಂದ ಮೇಲೆ ಒಗೆಯೋದು ಎರಡೂ ನನ್ನ ತಲೆಗೇ. ಇಂಥ ಮನೆಯಲ್ಲಿ ಬೆಳೆದವರು, ಇಂಥವರ ಜೊತೆ ಬಾಳಿದವರು ಹೇಳಿ. ವರ್ಷಗಟ್ಟಲೆ ಹೀಗೇ ನಡೆದರೆ ಮನೆ, ಮಕ್ಕಳು ಏನಾಗ್ತಾರೆ?

ಹುಬ್ಬಳ್ಳಿಯಿಂದ, ರೈಲ್ವೆ ನೌಕರರ ಮಗಳು

ತಂಗಿ, ನಾನು ಬೆಳೆದಿದ್ದೇ ಅಂಥ ಮನೆಯಲ್ಲಿ. ಸ್ವಲ್ಪ ಉದ್ದವಾಗೇ ಬರೀತೀನಿ.

ಅಪ್ಪನಿಗೆ ಸಂಬಳ ಅಷ್ಟಕ್ಕಷ್ಟೇ, ಆದರೆ ರೈಲ್ವೆ ಪಾಸ್ ಇತ್ತು. ಪಾಸ್ ಬರೆಸಿಕೊಂಡು ಬಂದ ದಿನ ಮನೆಯಲ್ಲಿ ಹಬ್ಬ. 80ರ ದಶಕದ ಮಾತು, ಆಗ ನಮ್ಮ ಕಡೆ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. ಮದ್ರಾಸ್ ಕಡೆ ಹೋಗಬೇಕಂದರೆ ಆಂಧ್ರದ ಗುಂತಕಲ್ಲಿನಲ್ಲಿ ಇಳಿದು ಬಾಂಬೆಯಿಂದ ಬರೋ ಬ್ರಾಡ್ ಗೇಜ್ (ಅಗಲ ಹಳಿ) ಗಾಡಿ ಹತ್ತಬೇಕು. ಇಳಿಯೋ ಹೊತ್ತಿಗೆ ರಾತ್ರಿಯಾಗಿರೋದು. ಅಪ್ಪ ಹಾಸಿಗೆ ಸುತ್ತಿದ ಹೋಲ್ಡಾಲಿನ ಮೇಲೆ ಕೂತು, ಟೈಮ್‌ಟೇಬಲ್ ಪುಸ್ತಕ ಅಣ್ಣನ ಕೈಗೆ ಕೊಟ್ಟು "ಮುಂದಿನ ಗಾಡಿ ಯಾವುದು, ಯಾವ ಪ್ಲಾಟ್‌ಫಾರ್ಮು, ಕೇಳ್ಕೊಂಡು ಬಾ" ಅನ್ನೋರು. ಅಣ್ಣನಿಗೆ ಆಗ ಹತ್ತು ವರ್ಷ, ತೆಲುಗು ಒಂದು ಅಕ್ಷರ ಬರ್ತಿರಲಿಲ್ಲ. ಕೂಲಿಯವನನ್ನು ಕೇಳಬೇಕು, ಚಹಾ ಮಾರೋನನ್ನು ಕೇಳಬೇಕು, ಸ್ಟೇಷನ್ ಮಾಸ್ತರನ್ನೂ ಕೇಳಬೇಕು. ಮೂರೂ ಜನ ಹೇಳಿದ್ದು ತಾಳೆ ಆದರೆ ಮಾತ್ರ ನಂಬಬೇಕು. ಅದು ಅಪ್ಪನ ಕಟ್ಟಪ್ಪಣೆ. ಅಣ್ಣ ಪ್ಲಾಟ್‌ಫಾರ್ಮಿನ ತುದಿವರೆಗೆ ಹೋಗೋದು ನಮಗೆ ಕಾಣಿಸ್ತಿತ್ತು. ಅಪ್ಪನೂ ನೋಡ್ತಾನೇ ಇರೋರು, ಆದರೆ ಎದ್ದು ಹೋಗ್ತಿರಲಿಲ್ಲ.

ಇವತ್ತಿಗೂ ಅಣ್ಣ ಆಸ್ಪತ್ರೆಯಲ್ಲಾಗಲಿ, ತಾಲ್ಲೂಕು ಕಚೇರಿಯಲ್ಲಾಗಲಿ ಮೂರು ಜನರನ್ನ ವಿಚಾರಿಸದೆ ಮುಂದೆ ಹೋಗೋದಿಲ್ಲ. ಯಾರನ್ನು ಮಾತಾಡಿಸೋಕೂ ಸಂಕೋಚ ಇಲ್ಲ. ನನಗೆ ಬಂದದ್ದು ಲೆಕ್ಕ. ಪ್ರವಾಸದ ಖರ್ಚು ಬರೆಯೋ ನೋಟ್‌ಬುಕ್ಕು ನನ್ನ ಹತ್ತಿರ ಇರ್ತಿತ್ತು, ಜಟಕಾದವನಿಗೆ ಕೊಟ್ಟ ಎಂಟಾಣೆಯೂ ಅದರಲ್ಲಿ ಬರಬೇಕು. ದುಡ್ಡು ಎಷ್ಟು ಉಳಿದಿದೆ ಅಂತ ಮನೆಯಲ್ಲಿ ನನಗೂ ಗೊತ್ತಿರೋದು, ಹಾಗಾಗಿ ಕಂಡಿದ್ದೆಲ್ಲ ಬೇಕು ಅಂತ ಹಟ ಹಿಡಿಯೋಕೆ ಬಾಯೇ ಬರ್ತಿರಲಿಲ್ಲ. ಕೊನೇ ತಂಗಿಗೆ ಮಾತ್ರ ಏನೂ ಅಂಟಲಿಲ್ಲ. ಅವಳಿಗೆ ಇಂಜಿನ್ನಿನ ಹೊಗೆ ಕಂಡರೆ ವಾಂತಿ. ಗಂಡನ ಮನೆ ಧಾರವಾಡ, ಅದಕ್ಕಿಂತ ಆಚೆ ಹೋಗೋಕೆ ಮನಸ್ಸಿಲ್ಲ, ಸುಖವಾಗಿದ್ದಾಳೆ. ಒಂದೇ ಗಾಡಿಯಲ್ಲಿ ಬೆಳೆದ ಮೂವರು ಮೂರು ತರ. ಅದಕ್ಕೇ, ಪ್ರವಾಸ ಮಾಡಿಸಿದರೆ ಮಕ್ಕಳು ಹೀಗೇ ಆಗ್ತಾರೆ ಅಂತ ಯಾರಾದರೂ ಖಾತ್ರಿ ಕೊಟ್ಟರೆ ನಾನು ಒಪ್ಪಲ್ಲ. ಅಣ್ಣನನ್ನು ಗಾಡಿ ಬೆಳೆಸಲಿಲ್ಲ, ಗಾಡಿ ಹುಡುಕೋ ಕೆಲಸ ಬೆಳೆಸಿತು.

ಈಗ ನೀವು ಕೇಳಿದ ನಿಜವಾದ ಪ್ರಶ್ನೆಗೆ ಬರ್ತೀನಿ. ಹೊರಡೋ ಹಿಂದಿನ ಎರಡು ದಿನ ಅವ್ವ ಒಲೆ ಬಿಟ್ಟು ಏಳ್ತಿರಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊದಲ ರಾತ್ರಿಗೆ ಮೊಸರು ಬುತ್ತಿ. ಊರು ಮುಟ್ಟಿದ ಮೇಲೆ ನಾವೆಲ್ಲ ಅಪ್ಪನ ಹಿಂದೆ, ಅವ್ವ ಛತ್ರದ ನಲ್ಲಿ ಹತ್ತಿರ ಬಟ್ಟೆ ಹಿಂಡ್ತಾ. ಅಪ್ಪ ರಿಟೈರಾದ ವರ್ಷ ಅವ್ವ ಅಂದಳು: "ಇನ್ನ ನಾನೂ ಒಂದ್ಸಲ ಯಾರಿಗೂ ಏನೂ ಕಟ್ಟದಂಗ ಹೊಂಟು ನೋಡ್ತೀನಿ." ಆಷಾಢ ಏಕಾದಶಿಗೆ ಚಿಕ್ಕವ್ವಂದಿರ ಜೊತೆ ಪಂಢರಪುರಕ್ಕೆ ಹೋದಳು. ಅಪ್ಪ ಮನೆಯಲ್ಲಿ ಅನ್ನ ಸಾರು ಮಾಡಿಕೊಂಡು ಉಂಡರು. ವಾಪಸ್ ಬಂದವಳ ಮುಖ ನೋಡಿದಾಗ ನಮಗೆಲ್ಲ ಗೊತ್ತಾಯಿತು, ತಿರುಗಾಟದ ಆಸೆ ಅಪ್ಪನಿಗಿಂತ ಅವಳಿಗೇ ಒಂದು ಕೈ ಹೆಚ್ಚು ಅಂತ.

ನಿಮ್ಮ ಯಜಮಾನರು ಒಳ್ಳೆಯವರೇ ಇರಬೇಕು, ಎಲ್ಲರನ್ನೂ ಕರ್ಕೊಂಡು ಹೋಗ್ತಾರೆ. ಬುತ್ತಿ, ಬಟ್ಟೆಯಲ್ಲಿ ಅರ್ಧ ಅವರಿಗೂ ಮಕ್ಕಳಿಗೂ ಇವತ್ತೇ ಹಂಚಿ. ಒಂಬತ್ತು ವರ್ಷದ ಮಗಳು ತನ್ನ ಬ್ಯಾಗು ತಾನೇ ಜೋಡಿಸಬಲ್ಲಳು.

ಶಿರಸಿ ಕಡೆಯ ತೋಟದ ಮನೆಯಿಂದ

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಇನ್ನೊಂದು ತೊಡಕು. ಕೊಟ್ಟಿಗೆ ಬಿಟ್ಟು ಮನೆಮಂದಿಯೆಲ್ಲ ಹೊರಡೋ ಹಾಗೇ ಇಲ್ಲ, ಹಾಲು ಕರೆಯೋಕೆ ಒಬ್ಬರು ಬೇಕೇ ಬೇಕು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋದು, ಆಮೇಲೆ ಕೊಯ್ಲು, ಸುಲಿಯೋದು, ಒಣಗಿಸೋದು. ಮಾರ್ಚ್‌ನಿಂದ ಮೇವರೆಗೆ ಸ್ವಲ್ಪ ಉಸಿರು. ನಮ್ಮವರಿಗೆ ಬೆಟ್ಟ ಹತ್ತೋ ಆಸೆ, ನನಗೆ ಹಳೇ ದೇವಸ್ಥಾನ ನೋಡೋ ಆಸೆ. ಮದುವೆಯಾದ ಹೊಸದರಲ್ಲೇ ಸರದಿ ಮಾಡಿಕೊಂಡೆವು: ಒಂದು ವರ್ಷ ಅವರು ಹೊರಟರೆ ಕೊಟ್ಟಿಗೆ ನನ್ನದು, ಮುಂದಿನ ವರ್ಷ ನಾನು ಹೊರಟರೆ ಕೊಟ್ಟಿಗೆ ಅವರದು. ಜನ ಆಡಿಕೊಂಡರು, ಆಡಿಕೊಳ್ಳಲಿ. ಇದರಿಂದ ಮಗನಿಗೆ ಆದ ಲಾಭ ನೋಡಿ, ಅಪ್ಪನೂ ಅಡುಗೆ ಮಾಡ್ತಾನೆ, ಅಮ್ಮನೂ ಒಬ್ಬಳೇ ಬಸ್ಸಲ್ಲಿ ದೂರ ಹೋಗಿ ಬರ್ತಾಳೆ ಅನ್ನೋದು ಅವನಿಗೆ ವಿಶೇಷವೇ ಅಲ್ಲ.

ಬಾಗಲಕೋಟೆಯಿಂದ, ನಿವೃತ್ತ ಶಿಕ್ಷಕ

ಓದು ಹಾಳಾಗುತ್ತೆ ಅನ್ನೋ ಮಾತಿಗೆ ಮಾತ್ರ ಉತ್ತರ ಕೊಡ್ತೀನಿ ತಾಯಿ. ಪರೀಕ್ಷೆ ಹತ್ತಿರ ಇರುವಾಗ ಕರೆದುಕೊಂಡು ಹೋಗಬೇಡಿ, ಅಷ್ಟೇ. ದಸರಾ ರಜೆ, ಬೇಸಿಗೆ ರಜೆ ಇದ್ದೇ ಇವೆ. ಪ್ರವಾಸದಿಂದ ಅಂಕ ಜಾಸ್ತಿ ಬರುತ್ತೆ ಅಂತಲೂ ನಾನು ಹೇಳೋನಲ್ಲ. ಬರೋದು ಬೇರೆ ಇದೆ.

ಮಕ್ಕಳನ್ನು ಐಹೊಳೆಯ ಮೇಗುತಿ ಗುಡಿಗೆ ಕರೆದುಕೊಂಡು ಹೋಗ್ತಿದ್ದೆ. ಅಲ್ಲಿ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ಇದೆ, ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಪುಸ್ತಕದಲ್ಲಿ ಒಂದು ಸಾಲು ಇರೋದು ಇಲ್ಲಿ ಕಲ್ಲಾಗಿ ನಿಂತಿದೆ ಅಂದಾಗ ಮಕ್ಕಳು ಗಪ್‌ಚಿಪ್. ಆಮೇಲೆ ಶುರು: "ಸರ್, ಇದು ಸುಳ್ಳು ಬರೆದಿದ್ದರೆ?" ರಾಜನ ಆಸ್ಥಾನದ ಕವಿ ರಾಜನನ್ನೇ ಹೊಗಳಿ ಬರೆದಿದ್ದು, ಅದನ್ನು ಹೇಗೆ ನಂಬೋದು ಅಂತ ಏಳನೇ ತರಗತಿ ಹುಡುಗಿ ಕೇಳಿದಳು. ತರಗತಿಯಲ್ಲಿ ಅಷ್ಟು ವರ್ಷ ಪಾಠ ಮಾಡಿದ್ದೇನೆ, ಆ ಪ್ರಶ್ನೆ ಅಲ್ಲಿ ಯಾವತ್ತೂ ಬಂದಿರಲಿಲ್ಲ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ, ಕನ್ನಡದ ತ್ರಿಪದಿಗೆ ಬಹಳ ಹಳೆಯ ಉದಾಹರಣೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅನ್ನೋದನ್ನು ನಾನು ಹೇಳಿಕೊಟ್ಟರೆ ಮಕ್ಕಳು ಬಂಡೆ ಮುಂದೆ ನಿಂತು ಕೂಗಿ ಹೇಳೋರು.

ಒಂದು ಕಿವಿಮಾತು. ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಲ್ಲ ಮುಗಿಸೋ ಓಟ ಬೇಡ. ಆ ಓಟದಲ್ಲಿ ಮಕ್ಕಳ ಪಾಲಿಗೆ ಉಳಿಯೋದು ಐಸ್‌ಕ್ರೀಮು ಮಾತ್ರ. ಒಂದೇ ಊರು, ಅಲ್ಲಿ ಒಂದು ಪೂರ್ತಿ ಬೆಳಗ್ಗೆ, ಇಷ್ಟು ಸಾಕು.

ಮೈಸೂರಿನಿಂದ, ಲೆಕ್ಕದ ಕೆಲಸದಲ್ಲಿರುವವರು

ಸೈಟೋ ಪ್ರವಾಸವೋ ಅಂತ ಜಗಳ ಮಾಡೋ ಬದಲು ಎರಡಕ್ಕೂ ಬೇರೆ ಬೇರೆ ಖಾತೆ ಮಾಡಿ. ಪ್ರವಾಸಕ್ಕೆ ಅಂತಲೇ ಪೋಸ್ಟಾಫೀಸಿನಲ್ಲೋ ಬ್ಯಾಂಕಿನಲ್ಲೋ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟೋ ಉಳಿತಾಯ. ಅದರಲ್ಲಿ ಎಷ್ಟಿದೆಯೋ ಅಷ್ಟು ದೂರ ಹೋಗಿ. ಸಾಲ ತೆಗೆದು, ಕ್ರೆಡಿಟ್ ಕಾರ್ಡಿನ ಕಂತು ಕಟ್ಟಿ ಊರು ಸುತ್ತೋದಕ್ಕೆ ನಾನು ಖಡಾಖಂಡಿತ ವಿರೋಧಿ. ಮನೆಗಳಲ್ಲಿ ತಿರುಗಾಟದ ಮೇಲೆ ಕಹಿ ಹುಟ್ಟೋದೇ ಅಲ್ಲಿಂದ.

ನಿಮ್ಮವರು ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದರೆ ಎಲ್‌ಟಿಸಿ (ನೌಕರರಿಗಿರೋ ರಜಾ ಪ್ರವಾಸದ ಸೌಲಭ್ಯ) ಕೇಳಿ, ನಾಲ್ಕು ವರ್ಷದ ಬ್ಲಾಕಿನಲ್ಲಿ ಒಮ್ಮೆ ದೇಶದ ಯಾವ ಮೂಲೆಗಾದರೂ ಹೋಗಬಹುದು. ಆದರೆ ಅದು ಪ್ರಯಾಣದ ಟಿಕೆಟ್ಟಿಗೆ ಮಾತ್ರ, ಲಾಡ್ಜು, ಊಟ ನಿಮ್ಮದೇ. ಖಾಸಗಿ ಕಂಪನಿಯವರು ಕೊಡೋ ರಜಾ ಪ್ರವಾಸ ಭತ್ಯೆ, ಅಂದರೆ ಎಲ್‌ಟಿಎಗೆ ತೆರಿಗೆ ವಿನಾಯಿತಿ ಸಿಗೋದು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ಟೇ ಬೇಡ. ಐದು ತುಂಬಿದ ಮೇಲೆ ಬರ್ತ್ ಕೇಳಿದರೆ ದೊಡ್ಡವರ ದರವೇ. ಹಾಗಾಗಿ ದೂರದ ಪ್ರವಾಸ ಇದ್ದರೆ ಮಗನಿಗೆ ಐದಾಗೋ ಮುಂಚೆ ಮುಗಿಸಿಕೊಳ್ಳಿ!

ಬೆಂಗಳೂರಿನಿಂದ

ಒಬ್ಬರಾದರೂ ಇನ್ನೊಂದು ಮಗ್ಗುಲು ಹೇಳಬೇಕು, ನಾನು ಹೇಳ್ತೀನಿ. ನಮ್ಮಪ್ಪ ತಿರುಗಿದ್ದು ಒಬ್ಬರೇ. ಹಿಮಾಲಯ, ಈಶಾನ್ಯ, ರಾಜಸ್ಥಾನ. ಊರೂರಿಂದ ಕಾಗದ ಬರೆಯೋರು, ಅಕ್ಷರ ಮುತ್ತಿನಂತಿತ್ತು. ಅಕ್ಕನಿಗೆ ಟೈಫಾಯ್ಡ್ ಆದಾಗ ಅಮ್ಮ ಒಬ್ಬಳೇ ಆಸ್ಪತ್ರೆಯಲ್ಲಿ ಕೂತಿದ್ದಳು, ಅಪ್ಪ ಎಲ್ಲಿದ್ದಾರೆ ಅಂತಲೇ ತಿಳಿಯಲಿಲ್ಲ, ಆಗ ಮೊಬೈಲ್ ಎಲ್ಲಿತ್ತು. ಅವರು ಕೆಟ್ಟವರಲ್ಲ. ಬಂದ ಮೇಲೆ ಎಷ್ಟು ಚೆನ್ನಾಗಿ ವರ್ಣಿಸೋರು ಅಂದರೆ ಬೀದಿ ಮಕ್ಕಳೆಲ್ಲ ನಮ್ಮ ಜಗುಲಿಯಲ್ಲಿ. ಆದರೆ ನಮ್ಮ ಮನೆಗೆ ಅವರ ಪ್ರವಾಸ ಅಂದರೆ ಅವರು ಇಲ್ಲದ ದಿನಗಳು, ಅಷ್ಟೇ. ನನಗೀಗ ನಲವತ್ತೈದು. ತಿರುಗೋದು ಇಷ್ಟ, ಆದರೆ ಹೆಂಡತಿ ಮಕ್ಕಳು "ಈ ಸಲ ಬೇಡ" ಅಂದರೆ ಟಿಕೆಟ್ ಕ್ಯಾನ್ಸಲ್, ಎರಡನೇ ಮಾತಿಲ್ಲ. ಬೇಡ ಅನ್ನೋ ಹಕ್ಕು ಮನೆಯ ಪ್ರತಿಯೊಬ್ಬರಿಗೂ ಇರಬೇಕು, ನಾಲ್ಕು ವರ್ಷದ ಕೂಸಿಗೂ. ನಿಮ್ಮ ಮನೆಯಲ್ಲಿ ಅದು ಇದೆಯಾ, ಮೊದಲು ಅದನ್ನು ನೋಡಿಕೊಳ್ಳಿ ಮೇಡಂ.

ತುಮಕೂರಿನಿಂದ

ಇದನ್ನೆಲ್ಲ ಓದ್ತಾ ನಮ್ಮಮ್ಮನ ನೆನಪಾಗಿ ಬರೀತಿದ್ದೀನಿ. ಅವರಿಗೆ ಜೀವಮಾನವಿಡೀ ಊರು ನೋಡೋ ಆಸೆ, ಆದರೆ ಕೈಯಲ್ಲಿ ಯಾವತ್ತೂ ದುಡ್ಡಿರಲಿಲ್ಲ. ಇನ್ನೊಬ್ಬರ ಹತ್ತಿರ ಬಸ್ ಚಾರ್ಜ್ ಕೇಳಬೇಕಲ್ಲ ಅಂತ ಸುಮ್ಮನಿದ್ದವರು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಯಿತು ನೋಡಿ, ಆಧಾರ್ ಕಾರ್ಡು ಸೆರಗಿನ ಗಂಟಿಗೆ ಕಟ್ಟಿಕೊಂಡು ಬೀದಿಯ ಹೆಂಗಸರ ಜೊತೆ ಹೊರಟರು. ಧರ್ಮಸ್ಥಳ, ಹೊರನಾಡು, ಶೃಂಗೇರಿ. ರಾಜಹಂಸ, ಎಸಿ ಬಸ್ಸುಗಳಿಗೆ ಅದು ನಡೆಯಲ್ಲ, ರಾಜ್ಯದ ಗಡಿ ದಾಟೋ ಬಸ್ಸಿಗೂ ಇಲ್ಲ, ಕೆಂಪು ಬಸ್ಸೇ ಅವರಿಗೆ ಸಾಕು. ಕಂಡಕ್ಟರ್ ಕೊಡೋ ಶೂನ್ಯ ಟಿಕೆಟ್ಟುಗಳನ್ನೆಲ್ಲ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮೊದಲು ಮನೆಯಲ್ಲಿ ಮಾತೇ ಆಡದವರು ಈಗ ಊಟಕ್ಕೆ ಕೂತರೆ ಕಥೆ ಹೇಳ್ತಾರೆ, ಮೊಮ್ಮಕ್ಕಳು ಬಿಟ್ಟು ಏಳಲ್ಲ. ನಿಮ್ಮ ಅತ್ತೆಯವರನ್ನು ಮನೆ ಕಾಯೋರು ಅಂತ ತಿಳಿಯಬೇಡಿ. ಅವರಿಗೆ ಎಲ್ಲಿಗೆ ಹೋಗೋ ಆಸೆ ಇತ್ತು ಅಂತ ಒಮ್ಮೆ ಕೂತು ಕೇಳಿ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಕೈ ಮುಗಿದೆ. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಗುಂತಕಲ್ಲಿನ ವಿಷಯ ಮಗಳಿಗೆ ಬಹಳ ಹಿಡಿಸಿದೆ. ಅತ್ತೆಯನ್ನೂ ಕೇಳಿದೆ. ಮೊದಲು "ನಂಗ್ಯಾಕವ್ವ ಈ ವಯಸ್ಸಲ್ಲಿ" ಅಂದರು, ಆಮೇಲೆ ಮೆಲ್ಲಗೆ ಹಂಪಿ ಅಂದರು. ಇಷ್ಟು ಹತ್ತಿರ ಇದ್ದೂ ನೋಡಿಲ್ಲವಂತೆ. ಕಾಶಿಯ ಆಸೆಯೂ ಇದೆ. ಮೊಣಕಾಲು ನೋವಿನವರನ್ನು ಕರೆದುಕೊಂಡು ಹೋದವರು ಇದ್ದರೆ ತಿಳಿಸಿ.

ಹುಬ್ಬಳ್ಳಿಯಿಂದ, ರೈಲ್ವೆ ನೌಕರರ ಮಗಳು

ಹಂಪಿ ಚಿಂತೆಯಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೋಗಿ, ಬೇಸಿಗೆಯಲ್ಲಿ ಆ ಬಂಡೆಗಳ ಕಾವು ತಡೆಯೋಕಾಗಲ್ಲ. ವಿಜಯ ವಿಠ್ಠಲ ಗುಡಿಗೆ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ. ವಿರೂಪಾಕ್ಷನ ಗುಡಿ ಹತ್ತಿರದವರೆಗೂ ವಾಹನ ಹೋಗುತ್ತೆ. ಮಾತಂಗ ಬೆಟ್ಟ, ಅಂಜನಾದ್ರಿ ಮೆಟ್ಟಿಲು ಅವರಿಗೆ ಬೇಡ. ಅಲ್ಲಿಗೆ ನಿಮ್ಮವರು ಮಕ್ಕಳನ್ನು ಕರ್ಕೊಂಡು ಹತ್ತಲಿ, ನೀವೂ ಅತ್ತೆಯೂ ಕೆಳಗೆ ಮಿರ್ಚಿ ತಿಂದು ಚಹಾ ಕುಡಿಯಿರಿ.

ಕಾಶಿಗಾದರೆ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ, ಆ ದಿನವೇ ಮಾಡಿಸಿ. ಹಿರಿಯರಿಗಿದ್ದ ಟಿಕೆಟ್ ರಿಯಾಯಿತಿ 2020ರಿಂದ ನಿಂತಿದೆ. ಆದರೆ ಕೆಳಗಿನ ಬರ್ತಿನ ಕೋಟಾ ಇದೆ, ಹೆಂಗಸರಿಗೆ 45, ಗಂಡಸರಿಗೆ 60 ತುಂಬಿದ್ದರೆ ಸಾಕು. ಅದು ಸಿಗೋದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಮನೆಮಂದಿಯನ್ನೆಲ್ಲ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಅತ್ತೆಗೆ ಮೇಲಿನ ಬರ್ತ್ ಬಂದರೂ ಬಂತು. ಅತ್ತೆಯ ಟಿಕೆಟ್ ಬೇರೆಯೇ ತೆಗೆಸಿ. ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ವಿಚಾರಿಸೋ ಕೆಲಸ ಮಗಳಿಗೆ ಬಿಡಿ.