ಪದ ಬೇಕು (ತುರ್ತು): ಝೂನಿ ಬೆಳ್ಳಿ ಒಡವೆಯ 'ಇನ್‌ಲೇ'ಗೆ ಕನ್ನಡದಲ್ಲಿ ಏನು?

ಸುಧಾ:
ಎಲ್ಲರಿಗೂ ನಮಸ್ಕಾರ. ಒಂದು ಲೇಖನದ ಅನುವಾದವನ್ನು ನಾಳೆ ಮಧ್ಯಾಹ್ನ ಕೊಡಬೇಕು. ಒಂದು ಫೋಟೋದ ಅಡಿಬರಹ ಸತಾಯಿಸುತ್ತಿದೆ: 'ವಿಂಟೇಜ್ ಝೂನಿ ಸಿಲ್ವರ್ ಅಂಡ್ ಟರ್ಕಾಯ್ಸ್ ಇನ್‌ಲೇ'. ಅಮೆರಿಕದ ನ್ಯೂ ಮೆಕ್ಸಿಕೋದ ಝೂನಿ ಎಂಬ ಮೂಲನಿವಾಸಿ ಜನ ಕೈಯಲ್ಲೇ ಮಾಡಿದ ಪದಕ. ಸೂರ್ಯನ ಮುಖ, ಸುತ್ತ ನೀಲಿ ಕಲ್ಲು, ನಡುವೆ ಹವಳ, ಬಿಳಿ ಚಿಪ್ಪು, ಜೆಟ್ ಎಂಬ ಕಪ್ಪು ಕಲ್ಲು. ಟರ್ಕಾಯ್ಸ್ ಅಂದರೆ ವೈಡೂರ್ಯ ಅಂತ ಒಬ್ಬರು ಹೇಳಿದರು. ಇನ್‌ಲೇಗೆ 'ಖಚಿತ' (ರತ್ನಖಚಿತ ಅನ್ನೋ ಹಾಗೆ) ಸಾಕಾ? ವಿಂಟೇಜ್‌ಗೆ, 1950ರ ಸುಮಾರಿನ ಒಡವೆ ಇದು, 'ಪುರಾತನ' ಅಂದರೆ ಜಾಸ್ತಿ ಆಯ್ತು, ಅಲ್ವಾ?

ರಾಮಚಂದ್ರ:
ವೈಡೂರ್ಯ ಖಂಡಿತ ಅಲ್ಲ. ಅದು ಬೆಕ್ಕಿನ ಕಣ್ಣಿನಂಥ ಕಲ್ಲು, ನವರತ್ನದಲ್ಲಿ ಕೇತುವಿಗೆ ಸೇರಿದ್ದು. ಇದು ಪಿರೋಜ. ನಮ್ಮ ರಸಶಾಸ್ತ್ರದವರು 'ಪೇರೋಜ' ಎಂದು ಬರೆದಿದ್ದಾರೆ, ಮೂಲ ಪಾರಸಿ. 'ಟರ್ಕಾಯ್ಸ್' ಹೆಸರೇ ಒಂದು ಎಡವಟ್ಟು. ಪರ್ಷಿಯಾದ ಕಲ್ಲು ತುರ್ಕಿ ದಾರಿಯಲ್ಲಿ ಯೂರೋಪಿಗೆ ಹೋಯಿತು, ಫ್ರೆಂಚರು 'ತುರ್ಕಿ ಕಲ್ಲು' ಅಂದುಬಿಟ್ಟರು. ಇನ್‌ಲೇಗೆ 'ಖಚಿತ' ಧಾರಾಳವಾಗಿ ಸಾಕು.

ಮಂಜು:
ಸಂಸ್ಕೃತ ಇಲ್ಲ ಅಂದರೆ ಪಾರಸಿ. ಕನ್ನಡಕ್ಕೆ ಸರದಿ ಯಾವಾಗ? 'ಹಸಿರುನೀಲಿಗಲ್ಲು' ಅನ್ನಿ. 'ಝ' ಕೂಡ ಬೇಡ. ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ಎಲ್ಲಿದೆ? 'ಜೂನಿ' ಸಾಕು.

ರಾಮಚಂದ್ರ:
ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಗಣಿಯ ಕಲ್ಲು ಅಪ್ಪಟ ಆಕಾಶನೀಲಿ. ತಾಮ್ರದಿಂದ ನೀಲಿ, ಕಬ್ಬಿಣ ಸೇರಿದರೆ ಹಸಿರು. ಹಸಿರೇ ಇಲ್ಲದ ಕಲ್ಲನ್ನು ಹಸಿರುನೀಲಿಗಲ್ಲು ಅನ್ನೋದಾ? ಸುಮ್ನಿರಿ.

ವಸಂತಿ:
ಮೊದಲು ಕೆಲಸ ಹೇಗೆ ಅಂತ ನೋಡಿ. ಬೆಳ್ಳಿ ತಗಡಿನ ಮೇಲೆ ತೆಳ್ಳನೆಯ ಬೆಳ್ಳಿ ಪಟ್ಟಿಗಳನ್ನು ನಿಲ್ಲಿಸಿ ಬೆಸುಗೆ ಹಾಕುತ್ತಾರೆ. ಪುಟ್ಟ ಪುಟ್ಟ ಮನೆಗಳಾಗುತ್ತವೆ. ಒಂದೊಂದು ಮನೆಯ ಅಳತೆಗೂ ಕಲ್ಲು ಉಜ್ಜಿ, ಅಂಟು ಹಾಕಿ ಇಡುತ್ತಾರೆ. ಆಮೇಲೆ ಬೆಳ್ಳಿ, ಕಲ್ಲು ಎರಡನ್ನೂ ಒಟ್ಟಿಗೆ ತೇಯ್ದು ಪಾಲಿಶ್ ಮಾಡುತ್ತಾರೆ. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು. ನಡುವೆ ಬೆಳ್ಳಿ ಗೆರೆ ಇಲ್ಲದೆ ಕಲ್ಲಿಗೆ ಕಲ್ಲು ಜೋಡಿಸುವುದೂ ಉಂಟು.

'ಖಚಿತ' ಅಂದರೆ ಕಿರೀಟ ನೆನಪಾಗುತ್ತೆ. ಕುಂದಣವೂ ಅಲ್ಲ, ಅದರಲ್ಲಿ ಕಲ್ಲಿನ ಸುತ್ತ ಚಿನ್ನದ ರೇಕು ಒತ್ತುತ್ತಾರೆ. 'ಕಲ್ಲು ಕೂರಿಸಿದ' ಅನ್ನೋದು ಯಾವ ಉಂಗುರಕ್ಕೂ ನಡೆಯುತ್ತೆ. ಇದಕ್ಕೆ 'ಹುದುಗಿಸಿದ' ಸರಿ. ನಮ್ಮ ಬಿದ್ರಿಯಲ್ಲಿ ಕಪ್ಪು ಲೋಹದೊಳಗೆ ಬೆಳ್ಳಿ ಹುದುಗಿಸುತ್ತಾರೆ, ಇಲ್ಲಿ ಬೆಳ್ಳಿಯೊಳಗೆ ಕಲ್ಲು, ಅಷ್ಟೇ.

ಇನ್ನೊಂದು ವಿಷಯ. 'ಝೂನಿ ಶೈಲಿಯ' ಅಂತ ಬರೆಯಬೇಡಿ. ನಕಲಿ ಮಾಲು ಮಾರುವವರು ಅಡಗಿಕೊಳ್ಳೋದೇ ಆ 'ಶೈಲಿ'ಯ ಹಿಂದೆ. ಮೂಲನಿವಾಸಿಗಳು ಮಾಡದ್ದನ್ನು ಅವರದ್ದೇ ಅಂತ ಮಾರುವುದು ಅಲ್ಲಿ 1990ರ ಕಾನೂನಿನ ಪ್ರಕಾರ ಅಪರಾಧ.

ಮಂಜು:
'ಹುದುಗಿಸು' ಒಪ್ಪಿದೆ. ಅಚ್ಚಗನ್ನಡ. ಪಿರೋಜಕ್ಕೆ ಮಾತ್ರ ನನ್ನ ವಿರೋಧ ಇದ್ದೇ ಇದೆ.

ವಸಂತಿ:
ಇರಲಿ ಬಿಡಿ. ಝೂನಿಗಳು ಪಿರೋಜ ಕಲ್ಲಿನ ಕೆಲಸ ಹಿಂದಿನಿಂದಲೂ ಮಾಡುತ್ತಿದ್ದರು, ಬೆಳ್ಳಿ ಕೆಲಸ ಮಾತ್ರ ನವಾಹೋ ಎಂಬ ನೆರೆಯ ಮೂಲನಿವಾಸಿಗಳಿಂದ ಬಂದದ್ದು. 1872ರ ಸುಮಾರಿಗೆ ಅತ್ಸಿದಿ ಚೋನ್ ಎಂಬ ನವಾಹೋ ಕೆಲಸಗಾರ ಲನ್ಯಾದೆ ಎಂಬ ಝೂನಿಗೆ ಕಲಿಸಿಕೊಟ್ಟ. ಎರವಲು ಅಂತ ಅವರು ಬೆಳ್ಳಿ ಬಿಟ್ಟರಾ? 'ಝೂನಿ' ಹೆಸರೂ ಹೊರಗಿನವರು ಇಟ್ಟದ್ದೇ, ಅವರು ತಮ್ಮನ್ನು ಕರೆದುಕೊಳ್ಳೋದು 'ಆಶಿವಿ' ಅಂತ.

ಮಂಜು:
ಹಾಗಾದರೆ 'ಆಶಿವಿ' ಅಂತಲೇ ಬರೆಯಿರಿ. ಮಹಾಪ್ರಾಣವೂ ಇಲ್ಲ.

ರಾಮಚಂದ್ರ:
ಓದುವವರಿಗೆ ಯಾರು ಅಂತ ಗೊತ್ತಾಗಬೇಕಲ್ಲ ಸ್ವಾಮಿ.

ಸುಧಾ:
ಕಳಿಸಿಬಿಟ್ಟೆ: 'ಪಿರೋಜ ಕಲ್ಲು ಹುದುಗಿಸಿದ ಝೂನಿ ಬೆಳ್ಳಿ ಪದಕ, ಕೈಕೆಲಸ, 1950ರ ಸುಮಾರು'. ಇಸವಿ ಇರುವಾಗ ವಿಂಟೇಜ್ ಯಾಕೆ ಅಂತ ಕೈಬಿಟ್ಟೆ. ವಸಂತಿಯವರೇ, ತುಂಬಾ ಥ್ಯಾಂಕ್ಸ್.

ರಾಮಚಂದ್ರ:
'ಕೈಕೆಲಸ' ಅಲ್ಲ, 'ಹಸ್ತನಿರ್ಮಿತ' ಆಗಬೇಕಿತ್ತು.