ಟಿ4 ಏರ್ಯಾದ, ಟಿಎಸ್‌ಎಚ್ ಯಾಕ ಇಳಿಯವಲ್ದು? (ಅವ್ವನ ರಿಪೋರ್ಟ್)

ಪ್ರಶ್ನೆ – ಗಂಗಾವತಿಯಿಂದ

ನಮ್ಮವ್ವಗ 52. ಎದಿ ಡವಡವ, ಬೆವರು, ಕೈ ನಡುಕ. ಚಹಾ ಕೊಟ್ರ ಬಸಿಯೊಳಗ ಕಪ್ಪು ಕಟಕಟ ಅಂತದ. ಥೈರಾಯ್ಡ್ ಜಾಸ್ತಿ ಅಂತ ಎರಡು ವರ್ಷದಿಂದ ಅದನ್ನ ಇಳಸೋ ಕಾರ್ಬಿಮಜೋಲ್ ಗುಳಿಗಿ ನಡದಾವ. ಆದ್ರೂ ಫ್ರೀ ಟಿ4 (ಥೈರಾಯ್ಡ್ ಬಿಡೋ ಹಾರ್ಮೋನ್) 2.9, ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಹಚ್ಚೋ ಹಾರ್ಮೋನ್) 4.6. ಈಗ ಬ್ಯಾರೆ ಡಾಕ್ಟರು ತಲಿ ಎಂಆರ್‌ಐ ಮಾಡಿಸಿ, ಪಿಟ್ಯೂಟರಿ ಅಂತ ಮಿದುಳಿನ ಬುಡದಾಗಿನ ಸಣ್ಣ ಗ್ರಂಥಿಯೊಳಗ 13 ಮಿ.ಮೀ. ಗಡ್ಡಿ ಅದ ಅಂದ್ರು. ಕುತ್ತಿಗಿ ಬ್ಯಾನಿಗೂ ತಲಿಗೂ ಏನು ಸಂಬಂಧರಿ?

ಉತ್ತರ 1 – ಬಳ್ಳಾರಿ, ಲ್ಯಾಬ್‌ನಲ್ಲಿ ಕೆಲಸ

ನೀವು ಗಂಗಾವತಿಯವರು, ಕಾಲುವೆ ನೀರಿನ ಲೆಕ್ಕದಾಗ ಹೇಳ್ತೀನಿ. ಗದ್ದಿ ತುಂಬಿದ ಮ್ಯಾಲೆ ತೂಬು ಮುಚ್ಚಬೇಕಲ್ರಿ? ಟಿ4 ಏರಿದ್ರ ಪಿಟ್ಯೂಟರಿ ಟಿಎಸ್‌ಎಚ್ ಬಿಡೋದು ನಿಲ್ಲಿಸ್ತದ. ಸಾಮಾನ್ಯ ಥೈರಾಯ್ಡ್ ಜಾಸ್ತಿಯವರ ರಿಪೋರ್ಟ್‌ನಾಗ ಟಿಎಸ್‌ಎಚ್ 0.01ರ ಆಸುಪಾಸು ಇರ್ತದ. ನಿಮ್ಮವ್ವನ 4.6 ನೋಡಿದ್ರ ತೂಬು ತೆರೆದೇ ಅದ. ಟಿಎಸ್‌ಎಚ್ ತಯಾರಿಸೋ ಗಡ್ಡಿ ಪಿಟ್ಯೂಟರಿ ಗಡ್ಡಿಗಳಾಗ ನೂರಕ್ಕೊಂದೋ ಎರಡೋ, ಹಂಗಾಗಿ ಮೊದಲು ಯಾರಿಗೂ ಹೊಳಿಯಂಗಿಲ್ಲ.

ಆದ್ರ ಅವಸರ ಬ್ಯಾಡ. ರಕ್ತದಾಗಿನ ಕೆಲವು ಆಂಟಿಬಾಡಿ ಮಷಿನ್‌ಗೇ ಸುಳ್ಳು ಹೇಳಿಸ್ತಾವ. ಬ್ಯಾರೆ ಕಂಪನಿ ಮಷಿನ್ ಇರೋ ಕಡೆ ಮತ್ತೊಮ್ಮೆ ಮಾಡಿಸ್ರಿ. ಥೈರಾಯ್ಡ್ ಹಾರ್ಮೋನಿಗೆ ದೇಹ ಜಗ್ಗದ ಮನೆತನದ ಕಾಯಿಲೆಯೊಳಗೂ ಇದೇ ರಿಪೋರ್ಟ್ ಬರ್ತದ. ಅದಕ್ಕ ನೀವೂ ಅಕ್ಕತಂಗೇರೂ ಒಮ್ಮೆ ಪರೀಕ್ಷೆಗೆ ರಕ್ತ ಕೊಡ್ರಿ. ಆಲ್ಫಾ ಸಬ್‌ಯೂನಿಟ್ (ಟಿಎಸ್‌ಎಚ್‌ನದೇ ಒಂದು ತುಂಡು) ಪರೀಕ್ಷೆ ಬಗ್ಗೆನೂ ಕೇಳ್ರಿ, ಗಡ್ಡಿ ಇದ್ರ ಅದು ಹೆಚ್ಚಿರೋದು ಉಂಟು.

ಉತ್ತರ 2 – ಸಿಂಧನೂರು

ನಂದೂ ಇದೇ ಗಡ್ಡಿರಿ. ಮೂಗಿನೊಳಗಿಂದ ತೆಗದ್ರು, ತಲಿ ಕೊಯ್ಯಲಿಲ್ಲ. ಒಂದಿಷ್ಟು ಉಳೀತು, ಅದಕ್ಕ ಟಿಎಸ್‌ಎಚ್ ತಗ್ಗಿಸೋ ಆಕ್ಟ್ರಿಯೋಟೈಡ್ ಇಂಜೆಕ್ಷನ್ ತಿಂಗಳಿಗೊಮ್ಮೆ. ಅದಕ್ಕಿಂತ ಮೊದಲು ಕುತ್ತಿಗಿಗೆ ರೇಡಿಯೋ ಅಯೋಡಿನ್ ಕೊಡಿಸಿದ್ರು. ಥೈರಾಯ್ಡ್ ಸುಟ್ಟರೂ ಗಡ್ಡಿ ಅಲ್ಲೇ ಬೆಳಕೊಂಡು ಕುಂತಿತ್ತು. ನೀವು ಆ ತಪ್ಪು ಮಾಡಬ್ಯಾಡ್ರಿ. ಗಡ್ಡಿ ಕಣ್ಣಿನ ನರ ಒತ್ತಬಹುದು; ಅಕ್ಕಪಕ್ಕ ಎಷ್ಟು ಕಾಣ್ತದ ಅಂತ ನೋಡೋ ಕಣ್ಣಿನ ಫೀಲ್ಡ್ ಟೆಸ್ಟ್ ಆಗ್ಯಾದೇನು?

ಇನ್ನೊಂದು: ಅವ್ವಗ ಉಂಗುರ, ಚಪ್ಪಲಿ ಬಿಗಿ ಆಗ್ಯಾವೇನು?

ಗಂಗಾವತಿ

ಯಪ್ಪಾ! ಕಾಲುಂಗುರ ಹೋದ ವರ್ಷ ಅಕ್ಕಸಾಲಿಗರ ಕಡಿ ಕತ್ತರಿಸಿ ತೆಗಿಸೀವಿ. ಬಾವು ಅನ್ಕೊಂಡಿದ್ವಿ. ಚಪ್ಪಲಿನೂ 6 ಇದ್ದದ್ದು 8 ಆಗ್ಯಾದ.

ಉತ್ತರ 1 – ಬಳ್ಳಾರಿ

ಬೆಳವಣಿಗಿ ಹಾರ್ಮೋನ್ ಹೆಚ್ಚಾದ್ರ ಕೈಕಾಲು ಹಿಂಗ ದಪ್ಪಾಗ್ತಾವ. ಹಂಗಾದ್ರ ಅದನ್ನ ತೋರಿಸೋ ಐಜಿಎಫ್-1 ರಕ್ತ ಪರೀಕ್ಷೆ ಮಾಡಿಸಲೇಬೇಕು. ಬೆಳವಣಿಗಿ ಹಾರ್ಮೋನ್, ಪ್ರೊಲ್ಯಾಕ್ಟಿನ್ (ಎದಿಹಾಲು ಬರಿಸೋ ಹಾರ್ಮೋನ್), ಟಿಎಸ್‌ಎಚ್ ಮಾಡೋ ಮೂರೂ ಕೋಶ ಒಂದೇ ಬಳ್ಳಿಯವು. ಅದಕ್ಕ ಒಂದೇ ಗಡ್ಡಿ ಎರಡು ಹಾರ್ಮೋನ್ ಬಿಡಬಹುದು. ಪ್ರೊಲ್ಯಾಕ್ಟಿನ್‌ನೂ ಬರೆಸ್ರಿ. ಕತ್ತರಿಸಿದ ಕಾಲುಂಗುರ ಮನ್ಯಾಗಿದ್ರ ಡಾಕ್ಟರಿಗೆ ತೋರಸ್ರಿ, ನಾಚಿಕಿ ಬ್ಯಾಡ.

ಗಂಗಾವತಿ

ಅವ್ವ ಅದನ್ನ ಸಾಸಿವಿ ಡಬ್ಬಿಯೊಳಗ ಇಟ್ಟಾಳ. ಸೋಮವಾರ ತಗೊಂಡು ಹೋಗ್ತೀನ್ರಿ.