ಕ್ರೋಶಾ ತಂಬಿಗೆ: ಒಂದು ಕಡೆ ವಾಲುತ್ತಿದೆ, ಹೆಗಲಲ್ಲಿ ತೂತು, ಬಾಯಿ ಒಳಗೆ ಮಡಚುತ್ತಿದೆ

ಹಳದಿನೂಲು, ಕಾರವಾರ

ಮಕ್ಕಳ ಅಡುಗೆಯಾಟಕ್ಕೆ ಪುಟ್ಟ ಹಿತ್ತಾಳೆ ತಂಬಿಗೆ ಹೆಣೆದಿದ್ದೇನೆ (ಘಟ್ಟದ ಮೇಲಿನವರು ಚರಿಗೆ ಅಂತ ಓದಿಕೊಳ್ಳಿ). 4 ಪ್ಲೈ ಕಾಟನ್, ಸಾಸಿವೆ ಹಳದಿ. ಲೇಬಲ್ಲಿನಲ್ಲಿ ಇದ್ದ ಹಾಗೆ 3.5 ಮಿ.ಮೀ. ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ). ಎಲ್ಲ ಸಿಂಗಲ್ ಕ್ರೋಶೆ (ಗಿಡ್ಡ ಸಾದಾ ಸ್ಟಿಚ್), ಸುತ್ತು ಮುಚ್ಚದೆ ಸುರುಳಿಯಾಗಿ.

ಲೆಕ್ಕ ಹೀಗಿದೆ. ಮ್ಯಾಜಿಕ್ ರಿಂಗಿನಲ್ಲಿ (ಎಳೆದರೆ ಬಿಗಿಯುವ ಸುರುವಿನ ಕುಣಿಕೆ) 6 ಸ್ಟಿಚ್, ಮುಂದೆ 12, 18, 24. 5ನೇ ಸುತ್ತು ಬ್ಯಾಕ್ ಲೂಪಿನಲ್ಲಿ (ಸ್ಟಿಚ್ಚಿನ ತಲೆಯ ಎರಡು ಎಳೆಗಳಲ್ಲಿ ಹಿಂದಿನದು) ಮಾತ್ರ 24. 6ನೇ ಸುತ್ತು (3, ಇನ್‌ಕ್ರೀಸ್) 6 ಸಲ (ಮೂರು ಸ್ಟಿಚ್, ನಾಲ್ಕನೆಯದರಲ್ಲಿ ಎರಡು), 30. 7ನೇ ಸುತ್ತು (4, ಇನ್‌ಕ್ರೀಸ್), 36. 8ನೇ ಸುತ್ತು (5, ಇನ್‌ಕ್ರೀಸ್), 42. 9ರಿಂದ 14 ಹಾಗೇ 42. 15ರಿಂದ 18 ಸುತ್ತಿಗೆ ಆರಾರು ಇನ್‌ವಿಸಿಬಲ್ ಡಿಕ್ರೀಸ್ (ಎರಡು ಸ್ಟಿಚ್ ಸೇರಿಸಿ ಒಂದು): 36, 30, 24, 18. ಕೊರಳು 19ರಿಂದ 23, 18. ಬಾಯಿ ಫ್ರಂಟ್ ಲೂಪಿನಲ್ಲಿ (ಮುಂದಿನ ಎಳೆ) 21, ಆಮೇಲೆ 24, ಕೊನೆಗೆ ಒಂದು ಸುತ್ತು ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ ಅಂಚಿನ ಸ್ಟಿಚ್). ಕೊರಳಲ್ಲಿ ಉಳಿದ ಬ್ಯಾಕ್ ಲೂಪಿಗೆ ತಿಳಿನೀಲಿ ಬಿಲ್ಲೆ ಹೊಲಿದರೆ ಒಳಗೆ ನೀರಿದ್ದ ಹಾಗೆ ಕಾಣುತ್ತದೆ.

ಆಗಿದ್ದು ಇಷ್ಟು. ತಳ ಉಬ್ಬಿ ಚೆಂಡಿನ ಹಾಗೆ ಉರುಳುತ್ತದೆ. ಹೊಟ್ಟೆ ಒಂದು ಕಡೆ ಮಾತ್ರ ದಪ್ಪ. ಹೆಗಲಿನ ಡಿಕ್ರೀಸ್ ಇರುವಲ್ಲೆಲ್ಲ ತೂತು, ಅದರಲ್ಲಿ ಬಿಳಿ ಹತ್ತಿ ಇಣುಕುತ್ತದೆ. ಕೊರಳು ಮುರಿದ ಹಾಗೆ ಬಾಗುತ್ತದೆ. ಬಾಯಿ ಹೊರಗೆ ಅರಳುವ ಬದಲು ಒಳಗೆ ಮಡಚಿಕೊಂಡಿದೆ. ಪೂರ್ತಿ ಬಿಚ್ಚಬೇಕಾ, ಎಲ್ಲಾದರೂ ಮಧ್ಯದಿಂದ ಸರಿ ಮಾಡಬಹುದಾ?


ಸುತ್ತುಲೆಕ್ಕ, ಶಿರಸಿ

ಪ್ಯಾಟರ್ನಿನಲ್ಲಿ ದೊಡ್ಡ ತಪ್ಪಿಲ್ಲ, ಬಾಯಿಯ ಲೆಕ್ಕ ಒಂದು ಬಿಟ್ಟು. ಬಿಚ್ಚುವ ಮೊದಲು ಮೂರು ವಿಷಯ ನೋಡಿ ಹೇಳಿ.

ಹೊಟ್ಟೆಯ ಮೇಲೆ, ಹೊರಗಡೆ, ಸಾಲಾಗಿ "ವಿ" ಆಕಾರ ಕಾಣುತ್ತದೆಯೋ, ಅಥವಾ ಪ್ರತಿ ಸ್ಟಿಚ್ಚಿಗೂ ಒಂದು ಅಡ್ಡ ಗೀಟು ಕಾಣುತ್ತದೆಯೋ?

12ನೇ ಸುತ್ತಿನಲ್ಲಿ ಎಷ್ಟು ಸ್ಟಿಚ್ ಇದೆ, ಕೊರಳಲ್ಲಿ ಎಷ್ಟು? ಪ್ಯಾಟರ್ನಿನಲ್ಲಿ ಬರೆದದ್ದಲ್ಲ, ಬೆರಳಿಟ್ಟು ಎಣಿಸಿದ್ದು ಬೇಕು.

ದಪ್ಪಗಿರುವ ಕಡೆ ಮಾರ್ಕರ್ (ಸುತ್ತು ಸುರುವಾಗುವಲ್ಲಿ ಹಾಕುವ ಗುರುತು) ಇದ್ದ ಕಡೆಯೋ, ಅದರ ಎದುರೋ?


ಹಳದಿನೂಲು, ಕಾರವಾರ

ಅಡ್ಡ ಗೀಟು. ಹೊಟ್ಟೆ 45, ಕೊರಳು 21. ಎರಡು ಸಲ ಎಣಿಸಿದೆ. ದಪ್ಪ ಇರುವುದು ಮಾರ್ಕರ್ ಇದ್ದ ಕಡೆ, ಅದಕ್ಕೆ ತಾಗಿಯೇ.


ಸುತ್ತುಲೆಕ್ಕ, ಶಿರಸಿ

ಹಾಗಾದರೆ ಐದು ದೂರಿಗೆ ಮುಖ್ಯ ಕಾರಣ ಎರಡೇ.

ಮೊದಲು 45. 36ರಿಂದ 45ಕ್ಕೆ ಹೋಗಲು ಒಂದೇ ಸುತ್ತಿನಲ್ಲಿ 9 ಇನ್‌ಕ್ರೀಸ್ ಬಿದ್ದಿರಬೇಕು. (3, ಇನ್‌ಕ್ರೀಸ್) ಅನ್ನು 36ರ ಮೇಲೆ ಹೆಣೆದರೆ ಸರಿಯಾಗಿ ಒಂಬತ್ತು ಸಲ ಕೂರುತ್ತದೆ, ಒಂದೂ ಉಳಿಯುವುದಿಲ್ಲ. ಅಂದರೆ 8ನೇ ಸುತ್ತಿಗೆ ಕಣ್ಣು ಜಾರಿ 6ನೇ ಸುತ್ತಿನ ಸಾಲನ್ನೇ ಓದಿದ್ದೀರಿ. ಕೊನೆಗೆ ಸ್ಟಿಚ್ ಉಳಿದಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು, ಉಳಿಯದ್ದರಿಂದ ಗೊತ್ತಾಗಲಿಲ್ಲ. ಮುಂದೆ (5, ಡಿಕ್ರೀಸ್) ಆರು ಸಲ ಮಾಡಿದಾಗ 42 ಸ್ಟಿಚ್ ಖರ್ಚಾಗಿ ಮೂರು ಮಿಕ್ಕವು. ಅವನ್ನು ಹಾಗೇ ಹೆಣೆದಿರಿ: 39. ಮುಂದಿನ ಸುತ್ತಿನಲ್ಲೂ ಮೂರು ಮಿಕ್ಕವು: 33. ಹೀಗೇ 27, 21. ನಾಲ್ಕು ಸುತ್ತಿನಲ್ಲೂ ಮಿಕ್ಕ ಮೂರು ಸ್ಟಿಚ್ ಮಾರ್ಕರಿಗೆ ಮುಂಚೆ ಒಂದೇ ಜಾಗದಲ್ಲಿ ಬಿದ್ದವು. ಸುತ್ತಲೂ ಬಟ್ಟೆ ಒಳಗೆ ಸೇರುತ್ತಿರುವಾಗ ಅಲ್ಲಿ ಮಾತ್ರ ಸೇರಲಿಲ್ಲ. ನಿಮ್ಮ ತಂಬಿಗೆಯ ಗೂನು ಅದೇ.

ಎರಡನೆಯದು ಅಡ್ಡ ಗೀಟು. ತಂಬಿಗೆ ಒಳಮೇಲಾಗಿದೆ. ಸುರುಳಿಯಾಗಿ ಹೆಣೆಯುವಾಗ ಸರಿಮುಖದಲ್ಲಿ "ವಿ" ಕಾಣಬೇಕು, ಗೀಟು ಒಳಗಿರಬೇಕು. ಮೂರು ನಾಲ್ಕು ಸುತ್ತು ಆದಮೇಲೆ ಬಟ್ಟಲು ತಾನಾಗಿ ತಪ್ಪು ಕಡೆಗೆ ಮಗುಚಿಕೊಳ್ಳುತ್ತದೆ, ಹೊಸಬರಿಗೆಲ್ಲ ಆಗುವುದೇ ಇದು. ಗುರುತು ಸುಲಭ: ಬಲಗೈಯವರು ಬಟ್ಟಲಿನ ಈಚೆ ಅಂಚಿನಲ್ಲಿ, ಕಡ್ಡಿಯನ್ನು ಹೊರಗಿನಿಂದ ಒಳಕ್ಕೆ ಚುಚ್ಚುತ್ತಾ ಎಡಕ್ಕೆ ಸಾಗುತ್ತಿದ್ದರೆ ಸರಿ. ಆಚೆ ಅಂಚಿನಲ್ಲಿ, ಬಟ್ಟಲಿನ ಒಳಗಿನಿಂದ ಹೊರಕ್ಕೆ ಚುಚ್ಚುತ್ತಿದ್ದರೆ ಒಳಮೇಲು.

ನೋಡಲು ಚೆಂದವಿಲ್ಲ ಅನ್ನುವುದಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಈ ತಂಬಿಗೆಯಲ್ಲಿ ಮೂರು ಕಡೆ ಲೂಪು ಆರಿಸಿ ಹೆಣೆದಿದ್ದೀರಿ, ಮೂರೂ ಕಡೆ ಅದು ತಿರುಗುಮುರುಗಾಗಿದೆ. 5ನೇ ಸುತ್ತಿನಲ್ಲಿ ಬ್ಯಾಕ್ ಲೂಪಿಗೆ ಹೆಣೆದರೆ ಮುಂದಿನ ಲೂಪು ತಳದ ಸುತ್ತ ಗೆರೆಯಾಗಿ ಹೊರಗೆ ಉಳಿದು, ಬಟ್ಟೆ ಅಲ್ಲಿ ಮಡಚಿ ಮೇಲೇಳುತ್ತದೆ. ನಿಮ್ಮಲ್ಲಿ ಆ ಗೆರೆ ಒಳಗೆ ಹೋಗಿದೆ, ಹಾಗಾಗಿ ತಳ ಮಡಚದೆ ಉರುಟಾಯಿತು. ಇನ್‌ವಿಸಿಬಲ್ ಡಿಕ್ರೀಸಿನಲ್ಲಿ ಎರಡು ಸ್ಟಿಚ್ಚಿನ ಮುಂದಿನ ಲೂಪು ಮಾತ್ರ ಎತ್ತುತ್ತೇವೆ. ನಯವಾದ ಮುಖ ಒಳಗೆ ಬಂದು ಸಂದು ಹೊರಗೆ ಬಿದ್ದಿದೆ. ಬಾಯಿ ಕೊರಳಿನ ಹೊರ ಲೂಪಿನಿಂದ ಹುಟ್ಟಬೇಕಿತ್ತು, ಒಳ ಲೂಪಿನಿಂದ ಹುಟ್ಟಿದೆ. ಒಳಗೆ ಬಗ್ಗದೆ ಇನ್ನೇನು ಮಾಡೀತು?

ಪೂರ್ತಿ ಬಿಚ್ಚಬೇಕಾಗಿಲ್ಲ. ಹತ್ತಿ ತೆಗೆದು 7ನೇ ಸುತ್ತಿನ ಕೊನೆಯವರೆಗೆ ಬಿಚ್ಚಿ, ಮಗುಚಿ "ವಿ" ಹೊರಗೆ ಮಾಡಿ, 36 ಇದೆಯಾ ಎಣಿಸಿ, ಅಲ್ಲಿಂದ ಮುಂದೆ ಹೋಗಿ. ಆಗ ತಳದ ಗೆರೆಯೂ ತಾನಾಗಿ ಹೊರಗೆ ಬರುತ್ತದೆ.


ಎಳೆಬಿಗಿ, ಅಂಕೋಲಾ

ಮೇಲಿನವರ ಮಾತು ಸರಿ. ಆದರೆ 7ನೇ ಸುತ್ತಿನವರೆಗೆ ಬಿಚ್ಚುವವರು ಇನ್ನು ಏಳು ಸುತ್ತು ಉಳಿಸಿಕೊಂಡು ಪ್ರಯೋಜನವಿಲ್ಲ. ಸುರುವಿನಿಂದಲೇ ಹೆಣೆಯಿರಿ, ಕಡ್ಡಿ ಬದಲಿಸಿ. ಲೇಬಲ್ಲಿನ 3.5 ಶಾಲು, ಸ್ವೆಟರಿಗೆ. ಬಟ್ಟೆ ಜೋತು ಬೀಳಲಿ ಅಂತ ಕೊಟ್ಟಿದ್ದು. ತುಂಬುವ ಗೊಂಬೆಗೆ ಅದಕ್ಕಿಂತ 1 ಮಿ.ಮೀ. ಸಣ್ಣದು, ಅಂದರೆ 2.5 ಬೇಕು. ಪರೀಕ್ಷೆ ಹೀಗೆ: ತಳದ 24ರ ಬಿಲ್ಲೆಯನ್ನು ಕಿಟಕಿಗೆ ಹಿಡಿದು ನಾಲ್ಕೂ ಕಡೆ ಎಳೆಯಿರಿ. ಸ್ಟಿಚ್ಚಿನ ನಡುವೆ ಬೆಳಕಿನ ಚುಕ್ಕೆ ಕಂಡರೆ ತುಂಬಿದ ಮೇಲೆ ಫೈಬರೂ ಕಾಣುತ್ತದೆ.

ನೂಲನ್ನು ಕಡ್ಡಿಯ ಮೇಲಿಂದ ಸುತ್ತಿ ಎಳೆದರೆ "ವಿ", ಕೆಳಗಿಂದ ಕೊಕ್ಕೆಯಲ್ಲಿ ಹಿಡಿದು ಎಳೆದರೆ ಸಣ್ಣ "ಎಕ್ಸ್". ಎಕ್ಸ್ ಬಿಗಿ ಜಾಸ್ತಿ, ಓರೆ ಕಡಿಮೆ. ಯಾವುದಾದರೂ ಒಂದೇ ಹಿಡಿಯಿರಿ. ಅರ್ಧ ಹೊಟ್ಟೆ ವಿ, ಅರ್ಧ ಎಕ್ಸ್ ಆದರೆ ನಡುವೆ ಸೊಂಟ ಹಿಡಿದ ಹಾಗಾಗುತ್ತದೆ. ಇನ್ನು, ಮಾರ್ಕರ್ ಸುತ್ತು ಸುತ್ತಿಗೂ ಸ್ವಲ್ಪ ಬಲಕ್ಕೆ ಸರಿಯುವುದು ಸುರುಳಿ ಹೆಣಿಗೆಯ ಗುಣ. ಅದನ್ನು ಸರಿ ಮಾಡಲು ಹೋಗಿ ಒಂದು ಸ್ಟಿಚ್ ಸೇರಿಸಬೇಡಿ.

ಇನ್‌ಕ್ರೀಸ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಹೊಟ್ಟೆಗೆ ಆರು ಮೂಲೆ ಬರುತ್ತದೆ. 7ನೇ ಸುತ್ತನ್ನು (2, ಇನ್‌ಕ್ರೀಸ್, 2) ಅಂತ ಮಾಡಿ. ಲೆಕ್ಕ 36 ಹಾಗೇ ಇರುತ್ತದೆ, ಮೂಲೆ ಒಡೆಯುತ್ತದೆ. 16ನೇ ಸುತ್ತಿಗೂ ಅದೇ: (2, ಡಿಕ್ರೀಸ್, 2).

ಅಂದ ಹಾಗೆ, ನಿಮ್ಮ ಪ್ಯಾಟರ್ನ್ ಬ್ರಿಟಿಷ್ ಪುಸ್ತಕದ್ದಾಗಿದ್ದರೆ ಅವರ ಡಬಲ್ ಕ್ರೋಶೆ ಅಂದರೆ ಅಮೆರಿಕದವರ ಸಿಂಗಲ್. ಇಲ್ಲಿ ಆ ತೊಂದರೆ ಕಾಣುತ್ತಿಲ್ಲ.


ಹಳದಿನೂಲು, ಕಾರವಾರ

ಸುರುವಿನಿಂದ ಮಾಡಿದೆ. 2.5 ಕಡ್ಡಿ, ವಿ ಹೊರಗೆ, ಪ್ರತಿ ಸುತ್ತು ಎಣಿಸಿ 42. ಗೂನು ಹೋಯಿತು, ತೂತು ಹೋಯಿತು. ತಳದ ಗೆರೆ ಚೆನ್ನಾಗಿ ಬಂದಿದೆ, ಆದರೆ ತುಂಬಿದ ಮೇಲೆ ನಡುವೆ ಇನ್ನೂ ಸ್ವಲ್ಪ ಉಬ್ಬು, ಮೇಜಿನ ಮೇಲೆ ತಿರುಗುತ್ತದೆ. ಬಾಯಿ ಈಗ ಒಳಗೆ ಮಡಚುವುದಿಲ್ಲ, ಆದರೆ ಅರಳುವುದೂ ಇಲ್ಲ, ಕೊಳವೆಯ ಹಾಗೆ ನೆಟ್ಟಗೆ ನಿಂತಿದೆ. ಕೊರಳು ಮೆತ್ತಗೆ. ತುಂಬಿದ್ದು ಹಳೆ ದಿಂಬಿನ ಹತ್ತಿ.


ಸುತ್ತುಲೆಕ್ಕ, ಶಿರಸಿ

ಬಾಯಿಯ ಲೆಕ್ಕ ತಪ್ಪು ಅಂದಿದ್ದೆನಲ್ಲ, ಅದು ಇಲ್ಲಿ. ಸಿಂಗಲ್ ಕ್ರೋಶೆಯಲ್ಲಿ ಬಟ್ಟೆ ಚಪ್ಪಟೆಯಾಗಿ ಹೊರಕ್ಕೆ ಹರಡಲು ಸುತ್ತಿಗೆ 6 ಸ್ಟಿಚ್ ಹೆಚ್ಚಬೇಕು. ನಿಮ್ಮ ತಳ ಹಾಗೇ ಆದದ್ದು. 18, 21, 24 ಅಂದರೆ ಮೂರೇ ಮೂರು, ಕೊಳವೆಯೇ ಬರುವುದು. ಫ್ರಂಟ್ ಲೂಪಿನಲ್ಲಿ (1, ಇನ್‌ಕ್ರೀಸ್) 9 ಸಲ ಮಾಡಿ, ಒಂದೇ ಏಟಿಗೆ 27. ಮುಂದಿನ ಸುತ್ತು ಹಾಗೇ 27. ಕೊನೆಯ ಸ್ಲಿಪ್ ಸ್ಟಿಚ್ ಸುತ್ತಿಗೆ 3 ಮಿ.ಮೀ. ಕಡ್ಡಿ ಹಿಡಿಯಿರಿ. ಸ್ಲಿಪ್ ಸ್ಟಿಚ್ ಹಿಗ್ಗುವುದಿಲ್ಲ. 2.5ರಲ್ಲೇ ಬಿಗಿಯಾಗಿ ಮಾಡಿದರೆ ಲಾಡಿ ಎಳೆದ ಚೀಲದ ಹಾಗೆ ಬಾಯಿ ಮತ್ತೆ ಒಳಗೆ ಬರುತ್ತದೆ.

ಕೊರಳು ಐದು ಸುತ್ತು ಉದ್ದವಾಯಿತು. ಎರಡು ಸಾಕು, ತಂಬಿಗೆಯ ಕೊರಳು ಗಿಡ್ಡವೇ. ತುಂಬುವುದನ್ನು 16ನೇ ಸುತ್ತು ಆದ ಕೂಡಲೇ ಸುರು ಮಾಡಿ. 30 ಸ್ಟಿಚ್ಚಿನ ಬಾಯಿಯಲ್ಲಿ ಬೆರಳು ಹೋಗುತ್ತದೆ, 18ರಲ್ಲಿ ಹೋಗುವುದಿಲ್ಲ. ಮೊದಲು ಹೊಟ್ಟೆಯ ಗೋಡೆಗೆ ಒತ್ತಿ, ಆಮೇಲೆ ನಡುವೆ. 18ನೇ ಸುತ್ತಿನ ಮೇಲೆ ಕಡ್ಡಿಯ ಹಿಂಬದಿಯಿಂದ ಹೆಗಲಿನ ಸಂದಿಗೆ ಸಣ್ಣ ಸಣ್ಣ ಉಂಡೆ ತಳ್ಳಿ. ಕೊರಳು ಬಾಗುವುದು ಕೊರಳು ಖಾಲಿಯಿರುವುದರಿಂದಲ್ಲ, ಅದರ ಕೆಳಗೆ ಹೆಗಲು ಪೊಳ್ಳಾಗಿರುವುದರಿಂದ.

ನೀಲಿ ಬಿಲ್ಲೆ 6, 12, 18. ಅದರ 18 ಸ್ಟಿಚ್ಚಿಗೆ ಕೊರಳಿನ 18 ಬ್ಯಾಕ್ ಲೂಪು ಒಂದಕ್ಕೊಂದು ಜೋಡಿ. ಕೊನೆಗೆ ಒಂದು ಮಿಕ್ಕಿದರೆ ಎಲ್ಲೋ ಒಂದು ಲೂಪು ತಪ್ಪಿದೆ.


ಕಡಲಗಾಳಿ, ಕುಮಟಾ

ಉಬ್ಬಿದ ತಳ ಮತ್ತು ಹತ್ತಿ, ಈ ಎರಡಕ್ಕೆ.

ದಿಂಬಿನ ಹತ್ತಿ ತೆಗೆದುಬಿಡಿ. ಅದು ತೇವ ಹೀರಿ ಗಂಟುಕಟ್ಟುತ್ತದೆ, ಕರಾವಳಿಯ ಮಳೆಗಾಲದಲ್ಲಿ ತಂಬಿಗೆ ಒಳಗಿನಿಂದಲೇ ಬೂಸಲು ವಾಸನೆ ಹೊಡೆಯುತ್ತದೆ. ಒಗೆದರೆ ಒಣಗಲು ದಿನಗಟ್ಟಲೆ ಬೇಕು. ಪಾಲಿಯೆಸ್ಟರ್ ಫೈಬರ್ ಹಾಕಿ, ಈ ಅಳತೆಗೆ 8ರಿಂದ 10 ಗ್ರಾಂ. ಗಂಟಿದ್ದರೆ ಕೈಯಲ್ಲಿ ಬಿಡಿಸಿ ತುಂಬಿ.

ತಳಕ್ಕೆ ಒಳಗಿನಿಂದ ಒಂದು ಬಿಲ್ಲೆ ಬೇಕು. ರಟ್ಟು ಬೇಡ, ಅದು ಒಂದೇ ಮಳೆಗಾಲಕ್ಕೆ ಮೆತ್ತಗಾಗುತ್ತದೆ, ಒಗೆಯಲೂ ಆಗದು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಸಾಕು. ತಳವನ್ನು ಅದರ ಮೇಲಿಟ್ಟು ಪೆನ್ನಿನಲ್ಲಿ ಗೆರೆ ಎಳೆದು, ಗೆರೆಯಿಂದ 2 ಮಿ.ಮೀ. ಒಳಗೆ ಕತ್ತರಿಸಿ. 2.5 ಕಡ್ಡಿಯಲ್ಲಿ ಸುಮಾರು 3 ಸೆಂ.ಮೀ. ಅಡ್ಡಳತೆ ಬರುತ್ತದೆ. ಅಂಚನ್ನು ಉಗುರು ಉಜ್ಜುವ ಅರದಿಂದ ನಯ ಮಾಡಿ, ಇಲ್ಲದಿದ್ದರೆ ನೂಲು ಕತ್ತರಿಸುತ್ತದೆ. 9ನೇ ಸುತ್ತು ಮುಗಿದಾಗ ಕೂರಿಸಿ.

ಭಾರಕ್ಕೆ 20–25 ಗ್ರಾಮಿನ ಚಪ್ಪಟೆ ಕಲ್ಲನ್ನು ಬಟ್ಟೆಯ ಚೀಲದಲ್ಲಿ ಹೊಲಿದು ಬಿಲ್ಲೆಯ ಮೇಲೆ ಇಡಬಹುದು. ಕಡಲ ದಂಡೆಯ ಕಲ್ಲಾದರೆ ಸಿಹಿನೀರಿನಲ್ಲಿ ಎರಡು ದಿನ ನೆನೆಹಾಕಿ, ನೀರು ಬದಲಿಸಿ, ಒಣಗಿಸಿ. ಅಂಟಿದ ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಮೂರು ವರ್ಷದೊಳಗಿನ ಮಗುವಿಗಾದರೆ ಕಲ್ಲೇ ಬೇಡ, ಬಿಲ್ಲೆ ಒಂದೇ ಸಾಕು, ನೀಲಿ ಬಿಲ್ಲೆಯನ್ನು ಎರಡೆಳೆ ನೂಲಿನಲ್ಲಿ ಹೊಲಿಯಿರಿ. ಕಬ್ಬಿಣದ ಪಿನ್ನನ್ನು ಮಾರ್ಕರ್ ಮಾಡಿ ರಾತ್ರಿಯಿಡೀ ಬಿಡಬೇಡಿ. ನಮ್ಮ ಉಪ್ಪುಗಾಳಿಗೆ ಹಳದಿ ಕಾಟನ್ನಿನ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಬೇರೆ ಬಣ್ಣದ ನೂಲಿನ ತುಂಡು ಸಾಕು.

ಶಿರಸಿ ಕಡೆಯವರಿಗೂ ಒಂದು ಮಾತು: ಒದ್ದೆ ತಂಬಿಗೆಯನ್ನು ಬಚ್ಚಲ ಒಲೆಯ ಮೇಲಿನ ತಂತಿಗೆ ನೇತುಹಾಕಬೇಡಿ. ಕಾಟನ್ ತಡೆದೀತು, ಅಕ್ರಿಲಿಕ್ ಉಲ್ಲನ್ ಆದರೆ ಬಿಸಿಗೆ ಸೋತು ಜೋಲುತ್ತದೆ, ಮತ್ತೆ ಬಿಗಿಯಾಗುವುದಿಲ್ಲ.


ಹಳದಿನೂಲು, ಕಾರವಾರ

ನಿಂತಿತು! ಬಾಯಿ 27ಕ್ಕೆ ಸರಿಯಾಗಿ ಅರಳಿದೆ. ಎತ್ತರ ಸುಮಾರು 6 ಸೆಂ.ಮೀ., ನೂಲು 25 ಮೀಟರಿನೊಳಗೆ ಮುಗಿಯಿತು. ಇದೇ ಲೆಕ್ಕದಲ್ಲಿ ಗಿಂಡಿ ಮಾಡಬಹುದಾ? ಮೂತಿ ಎಲ್ಲಿ ಹೊಲಿಯಬೇಕು?


ಎಳೆಬಿಗಿ, ಅಂಕೋಲಾ

ಮಾಡಬಹುದು. ಗಿಂಡಿಗೆ ಕೊರಳು ಐದು ಸುತ್ತೇ ಇರಲಿ, ಆದರೆ ಒಳಗೆ ಪ್ಲಾಸ್ಟಿಕ್ ಬಾಟಲಿಯಿಂದ ಕತ್ತರಿಸಿದ 1.5 ಸೆಂ.ಮೀ. ಅಗಲದ ಪಟ್ಟಿಯನ್ನು ಉಂಗುರ ಮಾಡಿ ಇಡಿ. ಮೂತಿಗೆ 6 ಚೈನ್ (ಸರಪಳಿ ಸ್ಟಿಚ್) ಹಾಕಿ ಕೂಡಿಸಿ, 6ರಂತೆ ನಾಲ್ಕು ಸುತ್ತು, ಆಮೇಲೆ (1, ಇನ್‌ಕ್ರೀಸ್) 3 ಸಲ, 9; ಇನ್ನೊಂದು ಸುತ್ತು 9. ಅಗಲದ ತುದಿಯನ್ನು ಹೊಟ್ಟೆಯ 11ರಿಂದ 13ನೇ ಸುತ್ತಿನ ಮೇಲೆ ಕೂರಿಸಿ ಮೊದಲು ಕೆಳ ಅಂಚು ಹೊಲಿಯಿರಿ, ಮೇಲಿನ ಅಂಚನ್ನು ಸ್ವಲ್ಪ ಬಿಗಿಯಾಗಿ ಎಳೆದು ಹೊಲಿದರೆ ಮೂತಿ ತಾನಾಗಿ ಮೇಲಕ್ಕೆ ಏಳುತ್ತದೆ. ಮೂತಿಯೊಳಗೆ ಏನೂ ತುಂಬಬೇಡಿ. ತುಂಬಿದರೆ ಬಾಗು ಹೋಗಿ ಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತದೆ.